ನಲವತ್ತೊಂದನೆಯ ತುಂಡು

ಅವಳು ಅವನಿಗೆ ಕೊಟ್ಟ ಮೊದಲ ಉಡುಗೊರೆ ಕಪಾಳಕ್ಕೊಂದು ಏಟು.

ಭಾನುವಾರದ ಮಧ್ಯಾಹ್ನ. ರೆಕಾರ್ಡಿಂಗ್ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಗುಡುಗಕ್ಕನ ಅಭಿಮಾನಿಗಳು ಸೇರಿದ್ದರು. ಗಾಯಕಿ ತೀರಿಹೋಗಿ ಆರು ತಿಂಗಳು. ರಾಕ್ ಹಾಡಿರಲಿ, ಸೋಲ್ ಹಾಡಿರಲಿ, ಹೊಟ್ಟೆಯ ಕಿಚ್ಚನ್ನೇ ಗಂಟಲಿಗೆ ತಂದು ಹಾಡಿದವಳು.

"ಮೈಕ್ ಕೆಟ್ಟೋಗಿ ಬರೀ ಗಂಟಲಲ್ಲಿ ಹಾಡಿದ್ಲಲ್ಲ, ಅವತ್ತು ನಾನು ಕೊನೇ ಸಾಲು. ಎದೆ ಗಡಗಡ ಅಂತು," ಎಂದರು ಬಸ್ ಕಂಡಕ್ಟರಮ್ಮ.

"ಅವತ್ತೇ ಎಡಗಾಲಿನ ಬೂಟು ಕಿತ್ತು ಎಸೆದಿದ್ದು. ಹಿಡಿದಿದ್ದು ಈ ಕೈ!" ಎಂದರು ಸಲೂನಿನವರು.

"ಆ ಎಡಗಾಲಿನ ಬೂಟು ಇನ್ನೂ ಮೂರು ಜನರ ಮನೇಲಿದೆ ಸಾರ್. ಗುಡುಗಕ್ಕ ಏನು ಜರಿಹುಳಾನಾ?" ಎಂದ ಇನ್ನೊಬ್ಬ ಅಭಿಮಾನಿ.

ಎಲ್ಲರೂ ನಕ್ಕರು. ಆಮೇಲೆ ಅವಳ ಕಾರ್ಯಕ್ರಮದ ಕಟ್ಟಳೆಯಂತೆ ಎಡಗಾಲನ್ನು ನೆಲಕ್ಕೆ ಅಪ್ಪಳಿಸತೊಡಗಿದರು. ದಡ್, ದಡ್, ದಡ್, ದಡ್. ಒಮ್ಮೆ ಶುರುಮಾಡಿದರೆ ಅವಳು ವೇದಿಕೆಗೆ ಬರುವ ತನಕ ನಿಲ್ಲಿಸುವ ಹಾಗಿಲ್ಲ. ಒಂದು ಸಲ ಮುಕ್ಕಾಲು ಗಂಟೆ ಅಪ್ಪಳಿಸಿದ್ದರು. ಈಗ ಯಾರು ಬರಬೇಕು? ಸದ್ದು ತಾನಾಗಿಯೇ ಸೋತು ನಿಂತಿತು.

ಆಗ ಬಾಗಿಲು ತಳ್ಳಿಕೊಂಡು ಬಂದವಳು ಆಸ್ಪತ್ರೆಯ ಮೂಳೆ ವಾರ್ಡಿನ ನರ್ಸ್. ಉಗುರಿನ ಸಂದಿಯಲ್ಲಿ ಇನ್ನೂ ಪ್ಲಾಸ್ಟರಿನ ಹಿಟ್ಟು.

"ಇಲ್ಲಿ ಬ್ಲೇಡು ಅಂದ್ರೆ ಯಾರು?"

ಟೇಪು ಕತ್ತರಿಸಿ ಅಂಟಿಸುವ ಎಡಿಟರ್ ಎದ್ದುನಿಂತ. ಚಟಾರ್!

"ಕೊನೇ ಕಾರ್ಯಕ್ರಮದ ರೆಕಾರ್ಡು ತೊಳೆದು ಶುದ್ಧ ಮಾಡಿದ್ದು ನೀವೇ ಅಲ್ವಾ? ನಮ್ಮಣ್ಣನ ಕೂಗು ಎಲ್ಲಿ ಹಾಕಿದ್ರಿ?"

ಯಾವ ಕೂಗೆಂದು ಅಲ್ಲಿದ್ದ ಯಾರೂ ಕೇಳಲಿಲ್ಲ. ಮುಷ್ಕರ ಹೂಡಿದ್ದ ಕೆಲಸಗಾರರಿಗಾಗಿ ಗುಡುಗಕ್ಕ ಅಂದು ಗಿರಣಿಯ ಅಂಗಳದಲ್ಲಿ ಹಾಡಿದ್ದಳು. ಮೂರನೆಯ ಹಾಡಿಗೆ ಮಾಲೀಕರ ಕಾವಲುಗಾರರು ಗೇಟಿಗೆ ಬೀಗ ಜಡಿದು, ಕಬ್ಬಿಣದ ಸಲಾಕೆ ಹಿಡಿದು ಜನರ ಮೇಲೆ ಬಿದ್ದರು. ತಲೆಗಳು ತೆಂಗಿನಕಾಯಿಯಂತೆ ಒಡೆದವು. ಒಂಬತ್ತು ಹೆಣ, ಗುಡುಗಕ್ಕನದೂ ಸೇರಿ. ಅವಳ ಅಣ್ಣನನ್ನು ವಾರ್ಡಿನ ಬೆಂಚಿನ ಮೇಲೆ ತಂದು ಮಲಗಿಸಿದಾಗ ಡ್ಯೂಟಿಯಲ್ಲಿದ್ದವಳು ಅವಳೇ.

ನೂಕುನುಗ್ಗಲು, ಎಂದರು ಮಾಲೀಕರು. ನೂಕುನುಗ್ಗಲಿಗೆ ಬುರುಡೆ ಸೀಳುವ ಸಲಾಕೆ ಎಲ್ಲಿಂದ ಬಂತೋ! ತನಿಖಾ ಆಯೋಗದ ಮುಂದೆ ಅವರಿಟ್ಟ ಸಾಕ್ಷಿ, ರೆಕಾರ್ಡ್ ಕಂಪನಿ ಹೊರತಂದ ಹಾಡಿನ ತಟ್ಟೆ. ಅದರಲ್ಲಿ ಹಾಡು, ಚಪ್ಪಾಳೆ, ಹಾಡು. ಒಂದು ನರಳಾಟವಿಲ್ಲ.

ಬ್ಲೇಡು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಕೆಳಗಿನ ಶೆಲ್ಫಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ಅವಳ ಮುಂದಿಟ್ಟ.

"ಕಂಪನಿಯೋರು ಕತ್ತರಿಸು ಅಂದ್ರು, ಕತ್ತರಿಸಿದೆ. ಎಸೆಯೋಕೆ ಕೈ ಬರಲಿಲ್ಲ, ಸಿಸ್ಟರ್."

ಒಳಗೆ ಕಂದು ಟೇಪಿನ ಸುರುಳಿಗಳು. ಪ್ರತಿಯೊಂದರ ಬೆನ್ನ ಮೇಲೂ ಮೇಣದ ಪೆನ್ಸಿಲಿನ ನಂಬರು. ಕತ್ತರಿಸಿದ್ದಕ್ಕೆ ನಂಬರು ಹಾಕುವುದು ಅವನ ಕಸುಬಿನ ರೂಢಿ. ಕೊನೆಯ ನಂಬರು ಐವತ್ತಾರು.

ವಿಚಾರಣೆಗೆ ಹತ್ತು ದಿನವಿತ್ತು. ಅವಳು ದಿನಾ ಡ್ಯೂಟಿ ಮುಗಿಸಿ ಬಂದಳು. ಅವನು ತುದಿಗೆ ತುದಿ ಹೊಂದಿಸುವುದು, ಅವಳು ಅಂಟಿಸಿ ಒತ್ತುವುದು. ಯಂತ್ರದಿಂದ ಒಂದೊಂದಾಗಿ ಏಟುಗಳು, ಕಿರುಚಾಟ, ಮೂಳೆ ಮುರಿಯುವ ಸದ್ದು. ಯಾವ ಮೂಳೆಯೆಂದು ಅವಳು ಸದ್ದಿನಲ್ಲೇ ಹೇಳಬಲ್ಲಳು. ಅಂಥ ನರಕದ ನಡುವೆ ಬೆರಳಿಗೆ ಬೆರಳು ತಾಗಿದರೆ ಇಬ್ಬರೂ ಬಿಸಿ ಇಸ್ತ್ರಿಪೆಟ್ಟಿಗೆ ಮುಟ್ಟಿದವರಂತೆ ಕೈ ಹಿಂದೆಳೆದುಕೊಳ್ಳುತ್ತಿದ್ದರು.

"ಅಷ್ಟು ಬಿಗಿಯಾಗಿ ಒತ್ತಬೇಡಿ ಸಿಸ್ಟರ್, ಅದು ಟೇಪು. ಮುರಿದ ಕಾಲಲ್ಲ."

"ಸಿಸ್ಟರ್ ಅನ್ನೋದು ವಾರ್ಡಿನಲ್ಲಿ. ಇಲ್ಲಿ ಬೇಡ."

"ಮತ್ತೆ ಏನಂತ ಕರೀಲಿ?"

"ಏನೂ ಕರೀಬೇಡಿ. ಸುಮ್ನೆ ನೋಡಿ, ಗೊತ್ತಾಗುತ್ತೆ."

ಅವನು ನೋಡಿದ. ಅವಳಿಗೆ ಗೊತ್ತಾಯಿತು. ಕಿವಿಯ ತನಕ ಕೆಂಪೇರಿ, "ಕೆಲಸ ನೋಡ್ರೀ," ಎಂದು ಗದರಿದಳು.

ವಿಚಾರಣೆಯ ಹಿಂದಿನ ದಿನ ಸಂಜೆ ಡಬ್ಬಿ ಬರಿದಾಯಿತು. ಅವಳು ನಂಬರುಗಳನ್ನು ಮತ್ತೊಮ್ಮೆ ಓದಿದಳು.

"ನಲವತ್ತೊಂದು ಎಲ್ಲಿ?"

ಅವನು ಡಬ್ಬಿಯ ಮುಚ್ಚಳ ಮುಚ್ಚಿದ. ಆಮೇಲೆ ಅಂಗಿಯ ಎದೆಜೇಬಿನಿಂದ ಒಂದು ಸುರುಳಿ ತೆಗೆದು ಯಂತ್ರಕ್ಕೆ ಹಾಕಿದ.

"ಹೊಡೀಬೇಡ್ರಪ್ಪಾ, ನಾನು ಹಾಡು ಕೇಳೋಕೆ ಬಂದೋನು!"

ಅಣ್ಣನ ದನಿ. ಸಲಾಕೆಯ ಸದ್ದು. ಹಾಡು ನಿಂತಿತು. ಗುಡುಗಕ್ಕ ಅರಚಿದಳು: "ಗೇಟಿಗೆ ಬೀಗ ಹಾಕಿದ್ದಾರೆ! ಗೇಟು ಮುರೀರೋ!" ಅದರ ಮೇಲೆಯೇ ಇನ್ನೊಂದು ದನಿ: "ಕೊಂದ್ಹಾಕ್ತೀನಿ ನಿನ್ನ!" ಲೋಹ ಮಾಂಸಕ್ಕೆ ಬಡಿದ ಸದ್ದು. ಒಂದು. ಎರಡು. ಮೂರು.

ಆ ದನಿ ಈಗ ಅವಳ ಪಕ್ಕದಲ್ಲೇ ಕೂತಿತ್ತು.

"ರೆಕಾರ್ಡ್ ಮಾಡೋಕೆ ಅವತ್ತು ವೇದಿಕೆ ಪಕ್ಕದಲ್ಲೇ ಇದ್ದೆ. ಮೈಕ್ ಸ್ಟ್ಯಾಂಡಲ್ಲಿ ಹೊಡೆದೆ," ಎಂದ ಅವನು. "ಆ ಕಾವಲುಗಾರನಿಗೆ ಎರಡೂ ಕಣ್ಣು ಹೋಗಿದೆ. ಹೊಡೆದೋರು ಯಾರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ."

"ನಮ್ಮಣ್ಣನಿಗೋಸ್ಕರ ಹೊಡೆದ್ರಿ."

"ಮೊದಲನೇದು ನಿಮ್ಮಣ್ಣನಿಗೋಸ್ಕರ. ಅಷ್ಟಕ್ಕೇ ಅವನು ಬಿದ್ದುಹೋದ. ಇನ್ನೆರಡು ನನ್ನ ಕೋಪಕ್ಕೆ."

ಅವಳು ಎದ್ದಳು. ಕಿಟಕಿಯ ತನಕ ಹೋಗಿ ಬಂದಳು. ಮೇಜಿನ ಮೇಲಿದ್ದ ಬ್ಲೇಡನ್ನು ಕೈಗೆತ್ತಿಕೊಂಡಳು.

"ಇದು ಬೇಡ. ಉಳಿದಿದ್ದು ಸಾಕು."

"ಉಳಿದಿದ್ರಲ್ಲಿ ಬೀಗದ ಮಾತಿಲ್ಲ. ಬೀಗ ಇಲ್ಲ ಅಂದ್ರೆ ಅದು ನೂಕುನುಗ್ಗಲೇ."

"ಇದನ್ನ ಕೇಳಿಸಿದ್ರೆ ನಿಮ್ಮನ್ನ ಜೈಲಿಗೆ ಹಾಕ್ತಾರೆ. ಅಣ್ಣನ್ನ ಕಳ್ಕೊಂಡೆ. ನಿಮ್ಮನ್ನೂ ಕಳ್ಕೊಳ್ಲಾ?"

ಹೀಗೆ ಪ್ರೀತಿ ಬಾಯಿಬಿಟ್ಟಿತು, ಬ್ಲೇಡು ಹಿಡಿದ ಕೈಯಲ್ಲಿ. ಅವನು ಆ ಮಣಿಕಟ್ಟನ್ನು ಮೆಲ್ಲಗೆ ಹಿಡಿದುಕೊಂಡ. ಈ ಸಲ ಯಾರೂ ಕೈ ಎಳೆದುಕೊಳ್ಳಲಿಲ್ಲ.

"ಈಗ ನೀವೂ ತೊಳೀತೀರಾ?"

ಅವಳು ಕೊಟ್ಟ ಏಟಿಗಿಂತ ಇದು ಜೋರಾಗಿತ್ತು. ಬ್ಲೇಡು ಮೇಜಿಗೆ ಬಿತ್ತು. ಅವನು ತುದಿಗೆ ತುದಿ ಹೊಂದಿಸಿದ. ಅವಳು ಬಿಕ್ಕುತ್ತಲೇ ಅಂಟಿಸಿ ಒತ್ತಿದಳು, ನಲವತ್ತು, ನಲವತ್ತೊಂದು, ನಲವತ್ತೆರಡು. ಆಮೇಲೆ ಅವನ ಕೆನ್ನೆಯನ್ನು, ತಾನು ಹೊಡೆದಿದ್ದ ಜಾಗವನ್ನೇ, ತುಟಿಯಿಂದ ಒತ್ತಿದಳು.

ಬೆಳಿಗ್ಗೆ ಆಯೋಗದ ಹಾಲಿನಲ್ಲಿ ಟೇಪು ಓಡಿತು. ಮಾಲೀಕರ ವಕೀಲರು ಎರಡು ಸಲ ನೀರು ಕುಡಿದರು. ಬೀಗದ ಮಾತು ಕೇಳಿದ್ದೇ ಆಯೋಗದ ಅಧ್ಯಕ್ಷರು ಪೆನ್ನು ಕೆಳಗಿಟ್ಟು, ಅದನ್ನೇ ಮತ್ತೊಮ್ಮೆ ಹಾಕಿ ಎಂದರು. ಮತ್ತೊಮ್ಮೆ ಕೇಳಿ, ಗೇಟಿನ ಬೀಗದ ಕೈ ಯಾರ ಬಳಿಯಿತ್ತೆಂದು ಮಾಲೀಕರನ್ನು ಕೇಳಿದರು. ಅವರು ವಕೀಲರತ್ತ ತಿರುಗಿದರು.

"ಇದರಲ್ಲಿ ಕೊಲ್ತೀನಿ ಅಂತ ಕೂಗಿದ್ದು ಯಾರು?"

ಬ್ಲೇಡು ಎದ್ದುನಿಂತ. ಮೊದಲ ದಿನ ಏಟಿಗೆ ನಿಂತ ಹಾಗೆಯೇ.

ಮಧ್ಯಾಹ್ನ ಅವನನ್ನು ಪೊಲೀಸ್ ವ್ಯಾನಿಗೆ ಹತ್ತಿಸಿದರು. ಅಂಗಳದಲ್ಲಿ ಅಭಿಮಾನಿಗಳೆಲ್ಲ ನಿಂತಿದ್ದರು. ಅವನು ಜಾಲರಿಯ ಹಿಂದಿನಿಂದ ಕೂಗಿದ:

"ವರ್ಷಗಟ್ಟಲೆ ಆಗುತ್ತೆ. ಕಾಯಬೇಡ್ರೀ!"

ಅಣ್ಣ ಮನೆಯಲ್ಲಿ ಮಾಡುತ್ತಿದ್ದ ಹಾಗೆ ಅವಳು ಎಡಗಾಲೆತ್ತಿ ನೆಲಕ್ಕೆ ಅಪ್ಪಳಿಸಿದಳು.

ದಡ್.

ಜಾಲರಿಯ ಹಿಂದೆ ಅವನ ಮುಖ ಬದಲಾಯಿತು. ಕಟ್ಟಳೆ ಅವನಿಗೆ ಗೊತ್ತಿತ್ತು.

ದಡ್, ದಡ್. ಸಲೂನಿನವರ ಕಾಲು ಸೇರಿತು. ಕಂಡಕ್ಟರಮ್ಮನದು ಸೇರಿತು. ವ್ಯಾನು ಗೇಟು ದಾಟಿ, ರಸ್ತೆಯ ತಿರುವಿನಲ್ಲಿ ಮರೆಯಾಯಿತು. ಯಾರೂ ಕಾಲು ನಿಲ್ಲಿಸಲಿಲ್ಲ.