ಗುಹೆಯ ಇನ್ನೊಂದು ದಾರಿ

ಊರಿಗೆ ನೀರು ಕೊಡುವ ಹೊಳೆ ಬೆಟ್ಟದ ಗುಹೆಯೊಳಗೆ ಕಟ್ಟಿಕೊಂಡು ಹನ್ನೆರಡು ದಿನವಾಗಿತ್ತು. ಅದನ್ನು ಬಿಡಿಸಲು ಮೂವರು ಹೊರಟರು: ನೀರು ಸರಬರಾಜಿನ ಎಂಜಿನಿಯರ್, ಮತ್ತು ಊರಿನ ಅಣ್ಣ-ತಂಗಿ. ತಂಗಿ ಹಗ್ಗದ ಕೆಲಸದಲ್ಲಿ ಪಳಗಿದವಳು, ಅಣ್ಣ ಆ ಗುಹೆಯನ್ನು ಮೂಲೆಮೂಲೆ ಸುತ್ತಿದ್ದವನು.

ಮೂರು ವರ್ಷದ ಹಿಂದೆ ಬಂಡೆಯೊಂದು ಉರುಳಿ ಅಣ್ಣನ ತಲೆಬುರುಡೆ ಒಡೆದಿತ್ತು. ಹದಿನೆಂಟು ದಿನ ಪ್ರಜ್ಞೆಯಿರಲಿಲ್ಲ. ಈಗ ಹಳೆಯದೆಲ್ಲ ನೆನಪಿದೆ, ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ಮರೆತಿರುತ್ತದೆ. ಏನು ಕೇಳಿದರೂ ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಹಿಂದೆ ಮಾತಿಗೊಂದು ಚಟಾಕಿ ಹಾರಿಸುತ್ತಿದ್ದವನು.

"ಇವರನ್ನ ಯಾಕೆ ಕರ್ಕೊಂಡು ಬಂದ್ರಿ? ನೀವು ಯಾರು ಅಂತ ಬೆಳಗ್ಗೆಯಿಂದ ನನ್ನನ್ನೇ ಮೂರು ಸಲ ಕೇಳಿದ್ರು," ಎಂದ ಎಂಜಿನಿಯರ್, ಅಣ್ಣನ ಎದುರಿಗೇ.

"ಒಳಗಿನ ದಾರಿ ಅವನಿಗೊಬ್ಬನಿಗೇ ಗೊತ್ತು," ಎಂದಳು ತಂಗಿ.

ಗುಹೆಯ ಬಾಯಿ ಕಿರಿದು, ಒಳಗೆ ಹೋದಷ್ಟೂ ವಿಶಾಲ. ದೀಪದ ಬೆಳಕಿಗೆ ಒದ್ದೆ ಗೋಡೆಗಳು ಮೀನಿನ ಮೈಯಂತೆ ಮಿನುಗುತ್ತಿದ್ದವು. ಎರಡು ತಾಸು ನಡೆದ ಮೇಲೆ, ಮರದ ದಿಮ್ಮಿಗಳು ಕೆಸರಿನೊಂದಿಗೆ ಬಿಗಿದು ನಿಂತದ್ದು ಕಂಡಿತು. ಮೂವರೂ ಹಾರೆ ಹಾಕಿ ಮೀಟಿದರು.

ದಿಮ್ಮಿ ಕಳಚಿತು. ನೀರು ನುಗ್ಗಿತು.

ಬಂದ ದಾರಿ ಕ್ಷಣದಲ್ಲಿ ಮುಳುಗಿತು. ಪಕ್ಕದ ಕವಲಿಗೆ ಓಡಿದರು. ಅಲ್ಲಿ ದಾರಿ ಮತ್ತೆ ಎರಡಾಗಿತ್ತು. ನೀರು ಸೊಂಟಕ್ಕೆ ಬಂತು.

"ಎಡಕ್ಕೋ ಬಲಕ್ಕೋ? ಬೇಗ ಹೇಳ್ರೀ!" ಎಂಜಿನಿಯರ್ ಕೂಗಿದ.

ಅಣ್ಣ ಎರಡೂ ಕಡೆ ದೀಪ ತಿರುಗಿಸಿದ. ಕೂಗಿದಷ್ಟೂ ಉತ್ತರ ದೂರ ಸರಿಯುತ್ತಿತ್ತು.

"ನೀವು ಸುಮ್ನಿರಿ!" ತಂಗಿ ಗದರಿದಳು. ಅಣ್ಣನ ಕೈ ಹಿಡಿದಳು. "ನಿಧಾನವಾಗಿ ಹೇಳಣ್ಣ."

ನೀರು ಎದೆಗೆ ಬಂತು. ಆದರೂ ಕಾದಳು.

"ಎರಡೂ ಅಲ್ಲ," ಎಂದ ಅಣ್ಣ ಕೊನೆಗೆ. "ಮೇಲೆ... ಒಂದು ಸಂದಿ ಇದೆ."

ಇತ್ತು. ತಂಗಿ ಮೊದಲು ಹತ್ತಿ ಹಗ್ಗ ಬಿಟ್ಟಳು. ಮೈಕೈ ತರಚಿಕೊಂಡು ಮೂವರೂ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಬಿಸಿಲಿಗೆ ಬಿದ್ದರು. ಕೆಳಗೆ ಹೊಳೆ ಹರಿಯುತ್ತಿತ್ತು.

ರಸ್ತೆಗಿಳಿದಾಗ ಇಲಾಖೆಯ ಜೀಪು ಕಾಯುತ್ತ ನಿಂತಿತ್ತು. ಎಂಜಿನಿಯರ್ ಹತ್ತಿ ಕೂತು ತಂಗಿಗೆ ಹೇಳಿದ: "ಇನ್ಮೇಲೆ ಇಂಥ ಕೆಲಸಕ್ಕೆ ಇವರನ್ನ ತರಬೇಡಿ. ಆ ಒಂದು ನಿಮಿಷದಲ್ಲಿ ನಾವೆಲ್ಲ ಸತ್ತೇ ಹೋಗ್ತಿದ್ವಿ."

ಅಣ್ಣ ಬಾಯಿ ತೆರೆದ. ಮಾತು ಹುಡುಕುತ್ತ ನಿಂತ. ಎಂಜಿನಿಯರ್ ಕಾಯಲಿಲ್ಲ. ಜೀಪು ತಿರುವು ದಾಟಿತು, ಧೂಳೂ ಅಡಗಿತು.

"ದಾರಿ ಹೇಳಿದ್ದು ನಾನು," ಎಂದ ಅಣ್ಣ, ಖಾಲಿ ರಸ್ತೆಗೆ.

"ಹೌದಣ್ಣ," ಎಂದಳು ತಂಗಿ. "ನೀನೇ."