ಚರಗ ಚೆಲ್ಲುವ ಕೈ

"ಆ ಫೋನ್ ಕೊಡಿ ಇಲ್ಲಿ!"

ಸಾಗರದ ಆ ಪುಟ್ಟ ಸಭಾಭವನದಲ್ಲಿ ಹೋರಾಟದ ಬಗ್ಗೆ ಮಾತಾಡುತ್ತಿದ್ದ ಹಿರಿಯರೂ ತಟ್ಟನೆ ಸುಮ್ಮನಾದರು. ಕೊನೆಯ ಸಾಲಿನಲ್ಲಿ ಕುಳಿತಿದ್ದ ಹೊಸ ಮುಖದ ಯುವಕನೆದುರು ತನುಜಾ ಕೈ ಚಾಚಿ ನಿಂತಿದ್ದಳು. ಕಣ್ಣಲ್ಲಿ ಕೆಂಡ!

"ಯಾಕ್ರೀ?"

"ವಿಡಿಯೋ ಮಾಡ್ತಿದ್ರಲ್ಲ! ಯಾರಿಗೆ ಕಳ್ಸಕ್ಕೆ? ದೆಹಲಿಗಾ?"

"ನಮ್ಮಜ್ಜಿಗೆ."

ಯಾರೋ ಕಿಸಕ್ಕೆಂದರು. ತನುಜಾ ನಗಲಿಲ್ಲ. ಫೋನ್ ಕಸಿದುಕೊಂಡು, ವಿಡಿಯೋ ಅಳಿಸಿ, ಅವನ ಅಂಗೈಗೆ ವಾಪಸ್ ಇಟ್ಟಳು. ಬೆರಳಿಗೆ ಬೆರಳು ತಾಗಿತು. ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡದ್ದು ಸಿಟ್ಟಿಗೋ ಇನ್ನೊಂದಕ್ಕೋ, ಅವಳಿಗೇ ತಿಳಿಯಲಿಲ್ಲ.

"ಹೆಸರು?"

"ತೀರ್ಥೇಶ್. ತೀರ್ಥಹಳ್ಳಿ."

'ಹೆಸರೂ ಊರೂ ಒಂದೇ ಥರ... ಅವಸರದಲ್ಲಿ ಹುಟ್ಟಿಸಿದ ಸುಳ್ಳು ಹಿಂಗೇ ಇರೋದು!' ಎಂದುಕೊಂಡಳು ತನುಜಾ.

ಅವಳ ಗುಮಾನಿಗೆ ಕಾರಣವಿತ್ತು. ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಎದ್ದಾಗ ಮನೆ ಗದ್ದೆ ಎಲ್ಲ ನೀರಿಗೆ ಬಿಟ್ಟು ಬಂದವರ ಮೊಮ್ಮಗಳು ಅವಳು. ಕೂತ ಹೊಸ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಬಂದಿಲ್ಲ. ಅಷ್ಟರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ವಿದ್ಯುತ್ ಯೋಜನೆ ತಂದು, ಮತ್ತೆ ಏಳಿ ಎಂದಿತು. ಅವಳ ಅಪ್ಪ ಗುತ್ಯಪ್ಪನ ತಾಳ್ಮೆ ಅಲ್ಲಿಗೆ ಮುಗಿಯಿತು. 'ಹಿನ್ನೀರು ಸೀಮೆ ಸ್ವತಂತ್ರ. ದೆಹಲಿಯ ಆಡಳಿತ ಇಲ್ಲಿ ನಡೆಯುವುದಿಲ್ಲ' ಎಂದು ಊರೂರ ಬಾಗಿಲಲ್ಲಿ ಬೋರ್ಡು ನೆಡಿಸಿದ.

ದೆಹಲಿ ಸುಮ್ಮನಿದ್ದೀತೇ? ದೇಶ ಒಡೆಯುವ ಕೇಸು ಬಿತ್ತು. ಗುತ್ಯಪ್ಪ ಹೊಸನಗರದ ಕಡೆ ತಂಗಿಯ ಮನೆಯಲ್ಲಿ ತಲೆಮರೆಸಿಕೊಂಡ. ಅಂದಿನಿಂದ ತನುಜಾಳಿಗೆ ಹಾಲು ಹಾಕಲು ಬರುವವನ ಮೇಲೂ ಅನುಮಾನ. ಅಪ್ಪ ಸಿಕ್ಕಿಬಿದ್ದರೆ ವರ್ಷಗಟ್ಟಲೆ ಹೊರಗೆ ಬರುವುದಿಲ್ಲ ಎಂದು ವಕೀಲರು ಹೇಳಿಬಿಟ್ಟಿದ್ದರು.

ತೀರ್ಥೇಶ್ ಮಾತ್ರ ಬೈಸಿಕೊಂಡ ಮೇಲೂ ಸಭೆ ತಪ್ಪಿಸಲಿಲ್ಲ. ಕುರ್ಚಿ ಹೊತ್ತ, ಮೈಕು ಕಟ್ಟಿದ, ಕೊನೆಗೆ ಕಸ ಕೂಡ ಗುಡಿಸಿದ. ಇಷ್ಟು ಒಳ್ಳೆಯವನಾಗಿರುವುದೇ ಅವಳಿಗೆ ದೊಡ್ಡ ಅನುಮಾನ!

ಒಂದು ಸಂಜೆ ಅಪ್ಪನ ಬಿಪಿ ಮಾತ್ರೆ ಕೈಯಲ್ಲಿ ಹಿಡಿದಿರುವಾಗಲೇ ಹೊಸನಗರದ ಬಸ್ಸು ತಪ್ಪಿತು. ಪಕ್ಕದಲ್ಲಿ ಬೈಕು ನಿಂತಿತು.

"ಬನ್ನಿ, ಬಿಡ್ತೀನಿ. ಎಲ್ಲಿಗೆ ಅಂತ ಕೇಳಲ್ಲ."

ಬೇರೆ ದಾರಿ ಇರಲಿಲ್ಲ. ಅತ್ತೆಯ ಮನೆ ಇನ್ನೂ ದೂರವಿರುವಾಗಲೇ ಕ್ರಾಸಿನಲ್ಲಿ ಇಳಿದುಬಿಟ್ಟಳು.

"ನಾನು ಯಾವ ಕಡೆ ಹೋಗ್ತೀನಿ ಅಂತ ತಿರುಗಿ ನೋಡ್ಬಾರ್ದು!"

"ನೋಡಲ್ಲ."

ಪುಣ್ಯಾತ್ಮ ನಿಜಕ್ಕೂ ನೋಡಲಿಲ್ಲ. ಬೆನ್ನು ತಿರುಗಿಸಿ, ಅವಳು ಮರಳಿ ಬರುವವರೆಗೂ ಬೈಕಿನ ಮೇಲೆ ಕೂತೇ ಇದ್ದ. ತಿರುತಿರುಗಿ ನೋಡಿದವಳು ಅವಳೇ. ಎದೆಯೊಳಗೆ ಏನೋ ಕರಗಿತು... 'ಬೇಡ ತನುಜಾ, ಬೇಡ' ಎಂದು ತನಗೇ ಗದರಿಕೊಂಡಳು.

ಮುಂದಿನ ವಾರ ಸಾಗರದ ಹೋಟೆಲಿನಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದರು. ಅವನು ಪರ್ಸ್ ತೆಗೆದಾಗ ಒಂದು ಕಾರ್ಡು ಅವಳ ಕಾಲ ಬಳಿ ಬಿತ್ತು. ಅವನ ಫೋಟೋ... ಮೇಲೆ ಮೂರು ಸಿಂಹ. ಭಾರತ ಸರ್ಕಾರ!

ತನುಜಾ ಅದನ್ನೆತ್ತಿ ಅವನ ಮುಖದೆದುರು ಹಿಡಿದಳು. "ಇದೇನು?"

ಅವನ ಮುಖ ಬಿಳುಚಿತು. "ಸರ್ವೇ ಕೆಲಸ. ಹಿನ್ನೀರಲ್ಲಿ ದೋಣಿ ಮೇಲೆ ಹೋಗಿ ಆಳ ಅಳೀತೀವಿ. ಹೇಳ್ಬೇಕು ಅಂತಿದ್ದೆ..."

"ನಮ್ಮನ್ನ ಎಬ್ಬಿಸೋ ಯೋಜನೆಗಾ? ಮತ್ತೆ ನಮ್ಮಪ್ಪ ಇರೋ ಜಾಗ? ಅದನ್ನೂ ಅಳೆದಾಯ್ತಾ?"

"ತನುಜಾ, ಆಫೀಸಲ್ಲಿ ನನ್ನ ಹೋರಾಟದವ್ನು ಅಂತ ದೂರ ಇಡ್ತಾರೆ. ಇಲ್ಲಿ ನೀವು ಗೂಢಚಾರ ಅಂತೀರಿ. ನಾನು ಎಲ್ಲಿ ನಿಲ್ಲಲಿ ಹೇಳಿ?"

"ಎಲ್ಲಾದ್ರೂ ನಿಲ್ಲಿ. ನನ್ನ ಕಣ್ಣೆದುರು ಬೇಡ!"

ಅವತ್ತೇ ಅಪ್ಪನನ್ನು ಬೇರೊಂದು ಮನೆಗೆ ಸಾಗಿಸಿದಳು. ಬರುವಾಗ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಅತ್ತಳು. ಮೋಸ ಹೋದದ್ದಕ್ಕಿಂತ, ಮೋಸ ಮಾಡಿದವನೇ ಬೇಕೆನಿಸಿದ್ದಕ್ಕೆ ಹೆಚ್ಚು ನೋವಾಯಿತು.

ಭೂಮಿ ಹುಣ್ಣಿಮೆ ಬಂತು. ತೆನೆ ತುಂಬಿದ ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಬಡಿಸುವ ಹಬ್ಬ. ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತು, ಬೆಳಕು ಹರಿಯುವ ಹೊತ್ತಿಗೆ ಗದ್ದೆಗೆ ಹೋಗಿ ಚೆಲ್ಲಬೇಕು. ಅದೇ ಚರಗ. ಗದ್ದೆ ಮುಳುಗಿದವರು ಎಲ್ಲಿ ಚೆಲ್ಲಬೇಕು? ಅವರು ದಡದಲ್ಲಿ ನಿಂತು, ತಮ್ಮ ಗದ್ದೆ ಇದ್ದ ದಿಕ್ಕಿಗೆ ಮುಖ ಮಾಡಿ ನೀರಿಗೇ ಚೆಲ್ಲುತ್ತಾರೆ.

ತನುಜಾ ಮತ್ತು ಅವಳ ತಾಯಿ ಜಲಜಮ್ಮ ಬುಟ್ಟಿ ಇಳಿಸುವುದಕ್ಕೂ, ಮಂಜಿನೊಳಗಿಂದ ಕಂಬಳಿ ಹೊದ್ದ ಆಳೊಂದು ಬರುವುದಕ್ಕೂ ಸರಿಹೋಯಿತು.

"ಅಪ್ಪಾ! ನೀವ್ಯಾಕೆ ಬಂದ್ರಿ?"

ಗುತ್ಯಪ್ಪ ಬುಟ್ಟಿಗೆ ಕೈ ಹಾಕಿದ. ಅಷ್ಟರಲ್ಲಿ ಪೊದೆಗಳಾಚೆಯಿಂದ ಪೊಲೀಸರು ಎದ್ದು ಬಂದರು.

"ಒಂದು ಗಳಿಗೆ ಬಿಡ್ರಪ್ಪ... ಚರಗ ಚೆಲ್ಲಿ ಬತ್ತೀನಿ!"

ಯಾರೂ ಕೇಳಲಿಲ್ಲ. ಜೀಪು ಹತ್ತಿಸಿದರು. "ಹೊತ್ತು ಮೀರೋದ್ರೊಳಗೆ ಚೆಲ್ಲಿ!" ಎಂದು ಒಳಗಿಂದ ಕೂಗಿದ್ದಷ್ಟೇ ಕೇಳಿತು.

ದಿಕ್ಕು ತೋಚದೆ ಸುತ್ತ ನೋಡಿದ ತನುಜಾಳಿಗೆ ದಡದ ಆ ತುದಿಯಲ್ಲಿ ನಿಂತ ತೀರ್ಥೇಶ್ ಕಂಡ. ನೆತ್ತಿಗೆ ಬೆಂಕಿ ಹತ್ತಿದಂತಾಯಿತು. ಓಡಿದಳು.

"ಹಿಡಿಸ್ಕೊಟ್ಟಿದ್ದಲ್ದೆ, ನೋಡಕ್ಕೂ ಬಂದ್ರಾ?"

ಅವನ ಕೈಯಲ್ಲೂ ಚಿತ್ತಾರದ ಬುಟ್ಟಿ! "ಇದು ಯಾವ ವೇಷ?" ಎಂದು ಅದಕ್ಕೆ ಹೊಡೆದಳು. ಬುಟ್ಟಿ ಉರುಳಿ ಅನ್ನ ಮಣ್ಣು ಪಾಲಾಯಿತು.

ಅವನು ತುಂಬಿದ ಕಣ್ಣಿನಿಂದ ಅನ್ನವನ್ನೇ ನೋಡಿದ.

ಹಿಂದಿನಿಂದ ಬಂದ ಜಲಜಮ್ಮ ಬಗ್ಗಿ ಬುಟ್ಟಿ ಎತ್ತಿಕೊಂಡಳು. "ಯಾರು ತಮ್ಮಾ ಇದನ್ನ ಬರ್ದಿದ್ದು?"

"ಅಜ್ಜಿ. ಗದ್ದೆ ಮುಳುಗಿ ತೀರ್ಥಹಳ್ಳಿಗೆ ಎದ್ದು ಹೋದಾಗಿಂದ ಪ್ರತಿ ವರ್ಷ ಬರೀತಾಳೆ. ಈಗ ನಡೆಯಕ್ಕಾಗಲ್ಲ, ನನ್ನ ಕಳ್ಸಿದ್ಲು."

"ನಿಮ್ಮ ಗದ್ದೆ?"

ಅವನು ನೀರಿನ ನಡುವೆ ಕೈ ತೋರಿದ. "ಆ ಬೋಳು ಮರದ ಆಚೆ. ಒಂದ್ಸಲನಾದ್ರೂ ಗದ್ದೆ ಮೇಲೆ ಹಾದು ಹೋಗ್ಬೋದು ಅಂತಾನೇ ಈ ದೋಣಿ ಕೆಲಸಕ್ಕೆ ಸೇರಿದ್ದು."

"ನಂಬಬೇಡಮ್ಮಾ! ಅಪ್ಪ ಬರೋದು ಪೊಲೀಸ್ರಿಗೆ ಹೆಂಗೆ ಗೊತ್ತಾಯ್ತು ಮತ್ತೆ?"

"ಹೇಳಕ್ಕೆ ಯಾರಾದ್ರೂ ಬೇಕೇನೇ?" ಜಲಜಮ್ಮನ ದನಿ ಒಡೆಯಿತು. "ಬಂದವ್ರಲ್ಲಿ ಆ ಕಾನ್‌ಸ್ಟೇಬಲ್ ಗೋಪಾಲಪ್ಪ ನಮ್ಮ ಪೈಕಿಯವ್ನೇ. ಇವತ್ತು ಯಾವ ಗದ್ದೆಯವ್ನು ಮನೇಲಿ ಕೂರ್ತಾನೆ ಅಂತ ಅವ್ನಿಗೆ ಗೊತ್ತಿಲ್ವಾ? ಬಂದು ಕಾದ್ರು, ಅಷ್ಟೇ. ನಿಮ್ಮಪ್ಪ ಬರಲ್ಲ ಅಂದಿದ್ರು ಕಣೆ... ಬಸುರಿ ಹಸ್ಕೊಂಡಿರ್ತಾಳೆ, ಬನ್ನಿ ಅಂತ ಹೇಳಿ ಕಳ್ಸಿದ್ದು ನಾನೇ!"

ತನುಜಾ ಚೆಲ್ಲಿದ ಅನ್ನದ ಪಕ್ಕ ಕೂತುಬಿಟ್ಟಳು. ಅಪ್ಪ ಈಗಿದ್ದ ಮನೆ ತೀರ್ಥೇಶನಿಗೆ ಗೊತ್ತೇ ಇರಲಿಲ್ಲ. ಅಷ್ಟು ಸಣ್ಣ ಸಂಗತಿಯೂ ತನಗೆ ಹೊಳೆಯಲಿಲ್ಲವೇ? ಅನುಮಾನ ಕಣ್ಣಿಗೆ ಪೊರೆ ಕಟ್ಟಿತ್ತು.

ನೆಲದ ಮೇಲಿನ ಅನ್ನವನ್ನು ಬೊಗಸೆಯಲ್ಲಿ ಬಳಿಯುತ್ತಾ ಬಿಕ್ಕಿದಳು. "ಕ್ಷಮಿಸಿ... ನನ್ನ ಕೈ ಕಡಿದು ಹೋಗಿದ್ರೆ ಚೆನ್ನಾಗಿತ್ತು."

"ಛೆ, ಬಿಡ್ತು ಅನ್ನಿ. ಕಾರ್ಡು ಮುಚ್ಚಿಟ್ಟಿದ್ದು ನಾನಲ್ವಾ? ಅನುಮಾನ ಬರ್ದೆ ಇನ್ನೇನು ಬರ್ತದೆ?"

ಜಲಜಮ್ಮ ತಮ್ಮ ಬುಟ್ಟಿಯಿಂದ ಒಂದಿಷ್ಟು ಅವನ ಬುಟ್ಟಿಗೆ ಬಡಿಸಿದಳು. ಅವನು ಬೋಳು ಮರದ ದಿಕ್ಕಿಗೆ ತಿರುಗಿ ಅಜ್ಜಿಯ ಚರಗ ಚೆಲ್ಲಿದ. ಬಿಸಿಲು ನೀರಿಗಿಳಿಯುತ್ತಿತ್ತು. ಗುತ್ಯಪ್ಪನ ಬುಟ್ಟಿ ಹಾಗೇ ಉಳಿದಿತ್ತು.

"ಮನೆ ಗಂಡಸು ಚೆಲ್ಬೇಕಿತ್ತು," ಜಲಜಮ್ಮ ಸೆರಗಿಗೆ ಕಣ್ಣೊರೆಸಿಕೊಂಡಳು.

ತನುಜಾ ಎದ್ದಳು. ಆ ಬುಟ್ಟಿ ಎತ್ತಿ ಅವನೆದುರು ಹಿಡಿದಳು.

"ತಗೊಳ್ಳಿ."

"ನಾನಾ? ಮನೆಯವ್ರಲ್ದೋರು ಚೆಲ್ಲೋ ಹಂಗಿಲ್ಲ, ತನುಜಾ."

"ಗೊತ್ತು."

"ಗೊತ್ತಿದ್ದೂ..."

"ಗೊತ್ತಿದ್ದೇ ಕೊಡ್ತಿರೋದು!" ಅವಳು ಬುಟ್ಟಿಯನ್ನು ಇನ್ನಷ್ಟು ಮುಂದೆ ಚಾಚಿದಳು. "ನನಗೆ ನೀವು ಬೇಕು, ತೀರ್ಥೇಶ್. ಚರಗ ಯಾರು ಚೆಲ್ಲಿದ್ರು ಅಂತ ಅಪ್ಪ ಜೈಲಲ್ಲಿ ಕೇಳೇ ಕೇಳ್ತಾರೆ. ನಿಮ್ಮ ಹೆಸರು ಹೇಳ್ಲಾ?"

ಜಲಜಮ್ಮ ಏನೂ ಕೇಳಿಸಲಿಲ್ಲವೆಂಬಂತೆ ಹೊಳೆಯ ಕಡೆ ಮುಖ ಮಾಡಿದಳು.

"ಪೊಲೀಸ್ರು ನನ್ನನ್ನೂ ಇಲ್ಲಿ ನೋಡಿದಾರೆ," ತೀರ್ಥೇಶ್ ಮೆಲ್ಲಗೆ ಅಂದ. "ನಾಳೆಯಿಂದ ಕೆಲಸ ಇರಲ್ಲ. ಕೆಲಸ ಇಲ್ದೋನನ್ನ ನಿಮ್ಮಪ್ಪ ಒಪ್ತಾರಾ?"

"ಅಪ್ಪಂಗಿರೋದೂ ಕೇಸು ಒಂದೇ, ಕೆಲಸ ಎಲ್ಲಿದೆ!"

ಅಳುತ್ತಲೇ ನಕ್ಕಳು. ಅವನೂ ನಕ್ಕ. ಬುಟ್ಟಿ ಅವನ ಕೈ ಸೇರಿತು. ಅವನು ಮೊಣಕಾಲುದ್ದ ನೀರಿಗಿಳಿದ, ಪಕ್ಕದಲ್ಲೇ ಅವಳೂ ಇಳಿದಳು.

"ನಿಮ್ಮ ಗದ್ದೆ ಯಾವ ಕಡೆ?"

"ನಮ್ಮ ಗದ್ದೆ ಅಂತ ಕೇಳಿ," ಎಂದು ತನುಜಾ ಅವನ ಭುಜ ಹಿಡಿದು ಮೆಲ್ಲಗೆ ಆ ಕಡೆ ತಿರುಗಿಸಿದಳು.