ಎಡತೋಳು

ಕಳೆದ ಮಾಗಿಯಲ್ಲಿ, ಹಳ್ಳಿಮೈಸೂರಿನ ನಮ್ಮ ಮನೆಯ ಅಟ್ಟದ ಮೇಲೆ ನನ್ನ ಗಂಡನ ಮೊದಲ ಹೆಂಡತಿ ಸ್ವರ್ಣಲತಾಳ ಹೆಣಿಗೆಯ ನೋಟ್‌ಬುಕ್ ಸಿಕ್ಕಿತು. ಆಕೆ ಮಕ್ಕಳಿಲ್ಲದೆ ತೀರಿಕೊಂಡಳೆಂದೇ ಎಲ್ಲರೂ ನನಗೆ ಹೇಳಿದ್ದರು. ಎಲ್ಲೂ ಹೊಲಿಗೆಯಿಲ್ಲದೆ, ಕುತ್ತಿಗೆಯಿಂದ ಸುತ್ತುಸುತ್ತಾಗಿ ಕೆಳಗಿಳಿಯುವ ಸ್ವೆಟರ್ ಹೆಣೆಯುವುದನ್ನು ಅದನ್ನು ನೋಡಿಯೇ ಕಲಿಯತೊಡಗಿದೆ.

ಅವಳು ಬರೆದಂತೆ ಹೆಣೆದರೆ ಸ್ವೆಟರು ಎರಡು ವರ್ಷದ ಮಗುವಿನ ಅಳತೆಗೆ ಬಂತು. ಎಡತೋಳನ್ನು ಮೊಣಕೈಗೇ ಹೆಣಿಗೆ ನಿಲ್ಲಿಸಿ ಮುಚ್ಚಬೇಕೆಂದು ಬರೆದಿತ್ತು. ತಪ್ಪಿರಬೇಕೆಂದು ಎರಡೂ ತೋಳನ್ನು ಸಮ ಮಾಡಿದೆ. ಮತ್ತೆ ಮತ್ತೆ ಹೆಣೆದರೂ ಮೂರು ದಿನ ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಎಡತೋಳು ಮೊಣಕೈವರೆಗೆ ಬಿಚ್ಚಿರುತ್ತಿತ್ತು. ಉಲ್ಲನ್ ನೂಲು ಆಗಷ್ಟೇ ಯಾರದೋ ಮೈಮೇಲಿಂದ ತೆಗೆದಂತೆ ಬೆಚ್ಚಗಿರುತ್ತಿತ್ತು.

ಸಿಟ್ಟು ಬಂದು ಅದನ್ನು ಅತ್ತೆ ಕಾಮಾಕ್ಷಮ್ಮನ ಮುಂದೆ ಎಸೆದೆ. "ಯಾಕ್ ಬಿಚ್ಚಾಕ್ತೀರ ಅತ್ತೆ?"

"ನಾನ್ಯಾಕೆ ಬಿಚ್ಲವ್ವ? ಅದುಕ್ಕೆ ಎಡಗೈ ಇದ್ದುದ್ದೇ ಅಷ್ಟು," ಅಂದುಬಿಟ್ಟರು.

ನನ್ನ ಮೈಯೆಲ್ಲ ಉರಿದುಹೋಯಿತು. "ಮಗು ಇತ್ತಾ? ಕೈ ಇಲ್ಲ ಅಂತ ಅದುನ್ನ ಏನ್ ಮಾಡುದ್ರಿ? ಎಲ್ಲೈತೆ, ಯೋಳಿ!"

"ಮೆತ್ತುಗ್ ಮಾತಾಡು, ಬೀದಿಯೋರು ಕೇಳುಸ್ಕತಾರೆ."

"ಕೇಳುಸ್ಕಳ್ಳಿ!"

ಅತ್ತೆ ಎದ್ದು ಹೋಗಿ ಬೀದಿಬಾಗಿಲು ಮುಚ್ಚಿದರು. ನಾನು ಬಗ್ಗಿ ಸ್ವೆಟರನ್ನು ಎತ್ತಿಕೊಂಡೆ. ಬಲತೋಳಿನ ಅಂಚು ಒದ್ದೆಯಾಗಿತ್ತು, ಮಕ್ಕಳು ಬಾಯಲ್ಲಿಟ್ಟು ಚೀಪಿದಾಗ ಆಗುತ್ತದಲ್ಲ, ಹಾಗೆ.